ಸುಗ್ಗಿ ಮುಗಿದ ಮೇಲೆ ನಾಟಕ

ಹೆಗ್ಗೋಡಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1949ರಿಂದ ಹೊರಡುತ್ತಾರೆ. ಆ ವರ್ಷ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು, ಹೆಸರು ಉದ್ದವಾಯಿತೆಂದು ನೀನಾಸಮ್ ಆಯಿತು, ಸಾಗರ ಪೇಟೆಯಿಂದ ಸ್ವಲ್ಪ ದೂರದ ಒಂದು ಅಡಿಕೆ ಊರು ದೇಶದ ರಂಗಭೂಮಿಯ ನಕ್ಷೆಯಲ್ಲಿ ಕೂತಿತು. ಇದರಲ್ಲಿ ಸುಳ್ಳೇನಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಜನ ಒಟ್ಟಾಗಿ ಕೂತು ಕಲೆ ಕಲಿಯುವ ಪದ್ಧತಿ ಅದಕ್ಕಿಂತ ಬಹಳ ಹಿಂದಿನದು. ಅದು ಮದುವೆ ಮನೆಯ ಮಣ್ಣಿನ ಗೋಡೆಯ ಮುಂದೆ ನಡೆಯುತ್ತಿತ್ತು. ನಡೆಸುತ್ತಿದ್ದವರು ಸಹಿ ಹಾಕಲೂ ಬಾರದ ಹೆಂಗಸರು. ಅವರಿಗೆ ಪ್ರಮಾಣಪತ್ರ ಕೊಡುವ ಪದ್ಧತಿ ಇರಲಿಲ್ಲವಾದ್ದರಿಂದ ಇತಿಹಾಸಕಾರರ ಕೈಗೆ ಅವರ ಕಾಗದ ಸಿಕ್ಕಿಲ್ಲ, ಅಷ್ಟೆ.

ನಾನು ಇದೇ ಸೀಮೆಯ ದೀವರ ಸಮುದಾಯದ ಮನೆಯ ಹೆಣ್ಣು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ನನ್ನಜ್ಜಿ ಚಿತ್ತಾರಗಿತ್ತಿ. ಹಾಗಾಗಿ ನಾನು ಗೋಡೆಯಿಂದಲೇ ಶುರುಮಾಡುತ್ತೇನೆ.

ನಮ್ಮಲ್ಲಿ ಮದುವೆ ನಿಶ್ಚಯವಾದ ಕೂಡಲೇ ಗಂಡಸರು ಚಪ್ಪರದ ಚಿಂತೆ ಮಾಡಿದರೆ ಹೆಂಗಸರದು ಹಸೆಯ, ಅಂದರೆ ಗೋಡೆ ಚಿತ್ತಾರದ ಚಿಂತೆ. ಒಳಗಿನ ಒಂದು ಗೋಡೆಯನ್ನು ಆರಿಸಿ, ಸಾರಿಸಿ, ಕೆಮ್ಮಣ್ಣು ಬಳಿದು ಒಣಗಲು ಬಿಡುತ್ತಾರೆ. ಅದರ ಮೇಲೆ ಬಿಳಿ ಎಳೆ. ಅಕ್ಕಿ ನೆನೆಸಿ ರುಬ್ಬಿದ ಹಿಟ್ಟಿನಿಂದ ಬಿಳಿ ಬಣ್ಣ, ಅದೇ ಅಕ್ಕಿಯನ್ನು ಕರಿಕಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯ ಬೀಜದಿಂದ ಹಳದಿ. ಕುಂಚ ಎಂದರೆ ಪುಂಡಿಯ ನಾರು. ಅದರ ತುದಿಯನ್ನು ಜಜ್ಜಿ ಹದ ಮಾಡಿಕೊಳ್ಳಬೇಕು. ನಾರು ಒರಟಾದರೆ ಎಳೆ ಒಡೆಯುತ್ತದೆ, ತೀರಾ ಮೆದುವಾದರೆ ಹಿಟ್ಟು ಹಿಡಿಯುವುದಿಲ್ಲ. ಅಡಿಪಟ್ಟಿ ಇಲ್ಲ, ಪೆನ್ಸಿಲ್ ಗುರುತಿಲ್ಲ. ಎಳೆ ಎಲ್ಲಿಂದ ಹೊರಟು ಎಲ್ಲಿ ಮುಟ್ಟಬೇಕೆನ್ನುವುದು ಬರೆಯುವವಳ ಕಣ್ಣಿನಲ್ಲೇ ಇರುತ್ತದೆ.

ಚಿತ್ತಾರದಲ್ಲಿ ಕಾಣುವುದು ನಮ್ಮ ಸುತ್ತಲಿನದೇ. ದಂಡಿಗೆಯಲ್ಲಿ ಕೂತ ಮದುಮಕ್ಕಳು, ಭತ್ತದ ತೆನೆ, ಏಣಿ, ಗುಬ್ಬಿ ಕಾಲು, ಜೋಗಿ ಜಡೆ, ಒಂದರೊಳಗೊಂದು ಹೆಣೆದುಕೊಂಡ ನಿಲಿಗಳು. ಮೊದಲು ಚೌಕಟ್ಟು, ಆಮೇಲೆ ಒಳಗಿನದು. ಚೌಕಟ್ಟು ಬರೆಯುವುದು ದೊಡ್ಡವರ ಕೆಲಸ, ಒಳಗಿನ ಸಣ್ಣ ತುಂಬು ಕೆಲಸ ಕಲಿಯುವ ಹುಡುಗಿಯರದು. ಅಜ್ಜಿ ಯಾವತ್ತೂ ಹೀಗೆ ಮಾಡು ಎಂದು ಹೇಳಿಕೊಟ್ಟದ್ದು ನನಗೆ ನೆನಪಿಲ್ಲ. ತಪ್ಪಾದರೆ ಒದ್ದೆ ಬಟ್ಟೆ ತಂದು ಒರೆಸಿ, 'ಇನ್ನೊಂದ್ಸಲ ಎಳಿ ನೋಡಾಣ' ಎನ್ನುತ್ತಿದ್ದಳು. ಕೆಲಸ ಮಾಡುವಾಗ ಹಾಡು ಹೇಳುತ್ತಿದ್ದರು. ಹಾಡಿನ ಉದ್ದಕ್ಕೂ ಎಳೆಯ ಉದ್ದಕ್ಕೂ ಏನೋ ಲೆಕ್ಕ ಇದ್ದಿರಬೇಕೆಂದು ಮುಂದೆ ಮೇಷ್ಟ್ರ ಬುದ್ಧಿ ಬಂದ ಮೇಲೆ ನನಗನ್ನಿಸಿತು. ಅಜ್ಜಿಯನ್ನು ಕೇಳಿದಾಗ ಹಾಡು ಬೇಸರ ಕಳೆಯುವುದಕ್ಕೆ ಎಂದಳು. ಅದೇ ಸರಿಯಿರಬಹುದು.

ಮದುವೆ ಹಸೆ ಆಗೊಮ್ಮೆ ಈಗೊಮ್ಮೆ ಬರುವಂಥದ್ದು. ವರ್ಷವರ್ಷವೂ ತಪ್ಪದೆ ಬರುತ್ತಿದ್ದದ್ದು ಭೂಮಿ ಹುಣ್ಣಿಮೆಯ ಬುಟ್ಟಿ. ಆಶ್ವಯುಜದ ಹುಣ್ಣಿಮೆ, ನೀವು ಶೀಗಿ ಹುಣ್ಣಿಮೆ ಎನ್ನುವುದು. ಭತ್ತ ಹೊಡೆ ಬಿಟ್ಟು ತೆನೆ ತುಂಬುವ ಹೊತ್ತು. ಬಸುರಿಗೆ ಬಯಕೆ ಊಟ ಹಾಕುವ ಹಾಗೆ ಗದ್ದೆಗೆ ಊಟ ಹಾಕಬೇಕೆಂಬುದು ನಮ್ಮವರ ನಂಬಿಕೆ. ಅದಕ್ಕೆ ಬಿದಿರಿನ ಎರಡು ಬುಟ್ಟಿ ಬೇಕು, ದೊಡ್ಡದೊಂದು, ಸಣ್ಣದೊಂದು. ಬುಟ್ಟಿಗೆ ಮೊದಲು ಸಗಣಿ ಬಳಿದು ಸಂದು ಮುಚ್ಚಿ, ಅದು ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಮಹಾನವಮಿ ಕಳೆದ ಕೂಡಲೇ ಚಿತ್ತಾರಕ್ಕೆ ಕೂರುತ್ತಾರೆ. ಗೋಡೆಯ ಮೇಲೆ ಬರೆಯುವುದು ಒಂದು ತೆರ, ದುಂಡಗಿನ ಬುಟ್ಟಿಯ ಮೇಲೆ ಬರೆಯುವುದು ಇನ್ನೊಂದು ತೆರ. ಬುಟ್ಟಿಯಲ್ಲಿ ಎಳೆ ಸುತ್ತಿಕೊಂಡು ಬಂದು ಹೊರಟ ಜಾಗಕ್ಕೇ ಸೇರಬೇಕು. ಅಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೂ ಊರಿನ ಹೆಂಗಸರ ಕಣ್ಣಿಗೆ ಬೀಳುತ್ತದೆ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಅಡಿಗೆ. ಹತ್ತಾರು ತರದ ಸೊಪ್ಪು ಬೆರೆಸಿ ಬೇಯಿಸಿದ ಬೆರಕೆ, ಕಡುಬು, ಪಲ್ಯಗಳು. ಬೆಳಕು ಹರಿಯುವ ಮುಂಚೆ ಮನೆಯ ಗಂಡಸು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾನೆ. ಬರೆದವಳು ಅಷ್ಟು ಹೊತ್ತಿಗೆ ಒಲೆ ಮುಂದೆ ಇರುತ್ತಾಳೆ. ಬುಟ್ಟಿ ಹೊತ್ತವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ.

ಇದಿಷ್ಟು ಒಂದು ಕಡೆ. ಇನ್ನೊಂದು ಕಡೆ ತೋಟದವರ ರಾತ್ರಿಗಳು. ಮಲೆನಾಡಿನಲ್ಲಿ ಯಾವ ಕಲೆ ಯಾವಾಗ ಎನ್ನುವುದನ್ನು ಅಡಿಕೆಯೇ ಗೊತ್ತು ಮಾಡುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಕೊನೆಗಳಿಗೆ ಬೋರ್ಡೊ ದ್ರಾವಣ ಹೊಡೆಯುವುದು. ದೀಪಾವಳಿ ಕಳೆಯುತ್ತಿದ್ದಂತೆ ಕೊನೆ ಕೊಯ್ಲು. ಅಲ್ಲಿಂದ ಎರಡು ಮೂರು ತಿಂಗಳು ಯಾರಿಗೂ ಪುರುಸೊತ್ತಿಲ್ಲ. ಹಗಲು ಕೊಯ್ದದ್ದನ್ನು ರಾತ್ರಿ ಸುಲಿಯಬೇಕು. ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹೆಂಗಸರು, ನಡುವೆ ಒಂದು ಗ್ಯಾಸ್‌ಲೈಟು, ಪಕ್ಕದಲ್ಲಿ ಅಡಿಕೆ ಬೇಯುವ ಹಂಡೆ. ಡಬ್ಬದ ಲೆಕ್ಕದಲ್ಲಿ ಕೂಲಿ. ಸುಲಿದು ಸುಲಿದು ಬೆರಳಿಗೆ ಹತ್ತಿದ ಕರಿ ಚೊಗರು ಶಿವರಾತ್ರಿಯವರೆಗೂ ಹೋಗುತ್ತಿರಲಿಲ್ಲ. ಆ ಬೆರಳುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವುಗಳ ಮಾತು ಬರುತ್ತದೆ.

ಅಡಿಕೆ ಒಣಗಿ ಚೀಲ ಸೇರಿದ ಮೇಲೆ ಕೈಯಲ್ಲಿ ಒಂದಿಷ್ಟು ದುಡ್ಡು, ಮಳೆ ಬರುವವರೆಗೆ ಒಂದಿಷ್ಟು ಬಿಡುವು. ಬಯಲಾಟ, ತೇರು, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ ಎಲ್ಲ ಆಗಲೇ. ಜಾತ್ರೆಗೆ ಬಂದ ನಾಟಕ ಕಂಪನಿಗಳನ್ನು ನೋಡಿದ ತರುಣರು ಊರಿಗೆ ಬಂದು ತಾವೂ ಪರದೆ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಜಗುಲಿಯ ಮೇಲೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಅರ್ಜುನನಾದವನು ಕೃಷ್ಣನಾದವನನ್ನು ವಾದದಲ್ಲಿ ಕಟ್ಟಿಹಾಕುವುದನ್ನು ಕೇಳುತ್ತ ಬೆಳೆದ ಜನ ಇವರು. ಹೆಗ್ಗೋಡಿನಂಥ ಸಣ್ಣ ಊರಿನಲ್ಲಿ ಅಷ್ಟು ಮಾತಾಡುವವರು, ಅಷ್ಟು ಕೇಳುವವರು ಎಲ್ಲಿಂದ ಬಂದರು ಎಂದು ಪೇಟೆಯವರು ಆಶ್ಚರ್ಯಪಟ್ಟಾಗ ನನಗೆ ನಗು ಬರುತ್ತದೆ. ನಮ್ಮ ಮಳೆಯನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನೊಂದು ಸಂಗತಿಯೂ ಲೆಕ್ಕಕ್ಕೆ ಬರಬೇಕು. ಅಡಿಕೆಯವರಿಗೆ ಸಂಘ ಕಟ್ಟುವುದು ಗೊತ್ತಿತ್ತು. ಶಿವಮೊಗ್ಗದ ಮಂಡಿಯಲ್ಲಿ ದಲ್ಲಾಳಿಗಳ ಹಿಡಿತದಿಂದ ತಪ್ಪಿಸಿಕೊಳ್ಳಲು ಬೆಳೆಗಾರರು 1939ರಲ್ಲೇ ಮಾಮ್ಕೋಸ್ ಎಂಬ ಸಹಕಾರ ಸಂಘ ಮಾಡಿಕೊಂಡಿದ್ದರು. ಷೇರು, ಸಭೆ, ನಡಾವಳಿ ಪುಸ್ತಕ, ವಾರ್ಷಿಕ ಲೆಕ್ಕ ಇವೆಲ್ಲ ಸಣ್ಣ ಹಿಡುವಳಿದಾರನಿಗೂ ರೂಢಿಯಾಗಿದ್ದವು. ನಾಟಕದ ಹುಚ್ಚಿನಿಂದ ಶುರುವಾದ ಸಂಘಗಳು ಕರ್ನಾಟಕದ ಸಾವಿರ ಊರುಗಳಲ್ಲಿ ಇದ್ದವು. ಎರಡು ನಾಟಕ ಆಡಿ, ಮೂರನೆಯದರ ಹೊತ್ತಿಗೆ ಪರದೆಯ ಬಾಡಿಗೆ ಯಾರು ಕೊಡಬೇಕೆಂದು ಜಗಳವಾಗಿ ಮುಚ್ಚಿಹೋಗುತ್ತಿದ್ದವು. ನೀನಾಸಮ್ ಮುಚ್ಚಲಿಲ್ಲ. ಅದಕ್ಕೆ ಪ್ರತಿಭೆ ಎಷ್ಟು ಕಾರಣವೋ ಲೆಕ್ಕದ ಪುಸ್ತಕವೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ.

ಸಂಘದ ಹಿಂದಿದ್ದ ಕುಂಟಗೋಡು ವಿಭೂತಿ ಸುಬ್ಬಣ್ಣ ಹುಟ್ಟಿದ್ದು 1932ರಲ್ಲಿ. ಸಂಘ ಶುರುವಾದಾಗ ಇನ್ನೂ ಹುಡುಗ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಅಲ್ಲಿಯೇ ನಿಲ್ಲದೆ ತೋಟಕ್ಕೆ ವಾಪಸು ಬಂದದ್ದೇ ಅವರ ಜೀವನದ ದೊಡ್ಡ ತೀರ್ಮಾನ. ಐವತ್ತರ ದಶಕ ಮುಗಿಯುವುದರೊಳಗೆ ಅಕ್ಷರ ಪ್ರಕಾಶನ ಶುರುವಾಗಿತ್ತು. ಅಡಿಕೆ ಚೀಲ ಹೋಗುವ ಊರಿನಿಂದಲೇ ಪುಸ್ತಕದ ಕಟ್ಟುಗಳೂ ಹೊರಗೆ ಹೋಗತೊಡಗಿದವು.

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನ ಅಪ್ಪನಿಗೆ ದ್ರೋಹವಾಗುತ್ತದೆ. ಸಂಘ ಹುಟ್ಟಿದ ಎರಡೇ ವರ್ಷಕ್ಕೆ, 1951ರಲ್ಲಿ, ಇದೇ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ದೊಡ್ಡದು, ಗೇಣಿ ಕೊಡುವವನಿಗೆ ಪ್ರತಿ ಅಳತೆಯಲ್ಲೂ ನಷ್ಟ. ಗಣಪತಿಯಪ್ಪನವರು ರೈತರನ್ನು ಒಟ್ಟುಮಾಡಿದರು, ಸಮಾಜವಾದಿಗಳು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಕಾಗೋಡಿನ ಗೇಣಿದಾರರು ಬಹುಪಾಲು ನಮ್ಮ ದೀವರು. ಅಂದರೆ ಗಂಡಸರು ಕೊಳಗಕ್ಕಾಗಿ ಜೈಲಿಗೆ ಹೋದ ಮನೆಗಳಲ್ಲಿ ಹೆಂಗಸರು ಅದೇ ಭತ್ತದ ತೆನೆಯನ್ನು ಗೋಡೆಯ ಮೇಲೆ ಬರೆಯುತ್ತಿದ್ದರು. ಕಲೆಯ ಚರಿತ್ರೆಯನ್ನೂ ಹೋರಾಟದ ಚರಿತ್ರೆಯನ್ನೂ ಬೇರೆಬೇರೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಅವೆರಡೂ ಒಂದೇ ಸೂರಿನಡಿ ಇದ್ದವು.

ಒಡೆಯ-ಗೇಣಿದಾರರ ಈ ಜಗಳದಿಂದ ನಾಟಕದ ಅಂಗಳದಲ್ಲೂ ಒಂದು ಪರಿಣಾಮವಾಯಿತು. ನನ್ನ ಅಪ್ಪ ಮೊದಲ ವರ್ಷಗಳ ನಾಟಕ ನೋಡಲು ಹೋಗುತ್ತಿದ್ದರಂತೆ, ಆದರೆ ಹಿಂದೆ ನಿಂತು. ರಂಗದ ಮೇಲಿದ್ದವರು ತೋಟದ ಒಡೆಯರ ಮನೆಯ ಹುಡುಗರು, ಹೆಣ್ಣು ಪಾತ್ರಕ್ಕೂ ಅವರೇ. ನಿಂತವರು ಕೂರುವುದಕ್ಕೆ ಕಾಲ ಹಿಡಿಯಿತು. 1974ರ ಭೂಸುಧಾರಣೆ ಬಂದು ಉಳುವವನಿಗೆ ಪಟ್ಟೆ ಸಿಕ್ಕ ಮೇಲೆ ಆ ಕಾಲ ಬಂತು ಎಂದು ಅಪ್ಪ ಹೇಳುತ್ತಿದ್ದರು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಹೆಗ್ಗೋಡಿನಲ್ಲಿ 1972ರಲ್ಲಿ ಎದ್ದು ನಿಂತಿತ್ತು. ಕಟ್ಟಡ ಮೊದಲು ಬಂತು, ಅದರೊಳಗೆ ಎಲ್ಲರೂ ಸರಿಸಮ ಕೂರುವಂಥ ಸ್ಥಿತಿ ಆಮೇಲೆ ಬಂತು.

ಸಿನಿಮಾ ಬಂದದ್ದು 1973ರಲ್ಲಿ, ನೀನಾಸಮ್ಮಿನ ಚಿತ್ರಸಮಾಜದ ಮೂಲಕ. ಇದರ ಬಗ್ಗೆ ನಾನು ಹೆಚ್ಚು ಹೇಳಲೇಬೇಕು, ಏಕೆಂದರೆ ನನ್ನ ಪ್ರಾಯದ ಹೆಣ್ಣುಮಕ್ಕಳು ಹೆಗ್ಗೋಡಿಗೆ ಹೋಗಲು ಶುರುಮಾಡಿದ್ದೇ ಸಿನಿಮಾ ನೋಡಲು. ನಾಟಕಕ್ಕೆ ಹೋಗಬೇಡ ಎನ್ನುತ್ತಿದ್ದ ಮನೆಯವರು ಸಿನಿಮಾ ಎಂದರೆ ನಟ ರಾಜ್‌ಕುಮಾರ್ ಅವರ ಚಿತ್ರವೆಂದುಕೊಂಡು ಬಿಟ್ಟರು. ನಾವು ನೋಡಿದ್ದು ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ. ಪರದೆಯ ಮೇಲೆ ಬಂಗಾಳಿ, ಜಪಾನಿ, ಇಟಾಲಿಯನ್. ಕಥೆಯನ್ನು ಕನ್ನಡದಲ್ಲಿ ತಿಳಿಸಿಕೊಡುತ್ತಿದ್ದರು, ಮುಗಿದ ಮೇಲೆ ಮಾತಾಡಿ ಎನ್ನುತ್ತಿದ್ದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರು ಬಂದು ಸಿನಿಮಾ ನೋಡುವುದನ್ನು ಕಲಿಸುವ ಶಿಬಿರ ನಡೆಸಿದರು. ಒಂದು ದೃಶ್ಯವನ್ನು ಮತ್ತೆ ಮತ್ತೆ ತೋರಿಸಿ ಕ್ಯಾಮರಾ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಕೇಳುವುದು.

'ಪಥೇರ್ ಪಾಂಚಾಲಿ'ಯಲ್ಲಿ ಮಳೆ ಶುರುವಾಗುವ ಭಾಗ ನೋಡಿ ನಮ್ಮೂರಿನ ಒಬ್ಬ ದೊಡ್ಡವ್ವ, 'ಹಿಂಗೇ ಕಣೆ ಬರೋದು, ಮೊದ್ಲು ಕೆರೆ ಮ್ಯಾಲೆ' ಎಂದು ಜೋರಾಗಿಯೇ ಹೇಳಿದಳು. ಯಾರೂ ನಗಲಿಲ್ಲ. ಪೇಟೆಯ ಸಿನಿಮಾ ವಿಮರ್ಶಕರು ಇದನ್ನು ಹಳ್ಳಿಗರ ಸಹಜ ಗ್ರಹಿಕೆ ಎಂದು ಹೊಗಳಿ ಬರೆಯುತ್ತಾರೆ. ಹೊಗಳಿಕೆಯಲ್ಲಿ ಸ್ವಲ್ಪ ಅಸಡ್ಡೆಯೂ ಇದೆ. ಎಳೆ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆಂದು ಗೋಡೆಯ ಮುಂದೆ ಬದುಕಿಡೀ ನೋಡಿದವಳಿಗೆ ಚಿತ್ರದ ಚೌಕಟ್ಟು ತಿಳಿಯುವುದರಲ್ಲಿ ಸಹಜವೇನು ಬಂತು? ಅದು ಅವಳ ಕಸುಬು.

ಆಮೇಲಿನದು ದಾಖಲಾದ ಚರಿತ್ರೆ, ಬೇಗ ಹೇಳಿಬಿಡುತ್ತೇನೆ. 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ಶುರುವಾಯಿತು, ಒಂದು ವರ್ಷದ ಕಲಿಕೆ, ಮಧ್ಯವರ್ತಿಯಿಲ್ಲದೆ ಕನ್ನಡದಲ್ಲೇ ಶೇಕ್ಸ್‌ಪಿಯರನೂ ಕಾಳಿದಾಸನೂ. 1985ರಲ್ಲಿ ತಿರುಗಾಟ. ಕಲಿತ ಹುಡುಗರು ಹುಡುಗಿಯರು ಮಳೆಗಾಲದಲ್ಲಿ ನಾಟಕ ಕಟ್ಟಿ, ಸಾಮಾನು ಸರಂಜಾಮು ವಾಹನಕ್ಕೆ ಹೇರಿ ರಾಜ್ಯವಿಡೀ ಆಡುತ್ತ ಹೋಗುವುದು. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಜನಸ್ಪಂದನ ಎಂಬ ಯೋಜನೆಯಡಿ ಊರೂರುಗಳಲ್ಲಿ ನಾಟಕ ಶಿಬಿರ, ಚಿತ್ರೋತ್ಸವ. ಆಗಲೇ ಯಲ್ಲಾಪುರದ ಮಂಚಿಕೇರಿಯಲ್ಲಿ ಸಿದ್ದಿ ಜನ ಚಿನುವ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿ ಆಡಿದರು, ಚಿದಂಬರರಾವ್ ಜಂಬೆ ನಿರ್ದೇಶನ. ಆಫ್ರಿಕಾದ ಕಥೆ, ಆಫ್ರಿಕಾದಿಂದ ಯಾವುದೋ ಕಾಲದಲ್ಲಿ ಬಂದು ಉತ್ತರ ಕನ್ನಡದ ಕಾಡಿನಲ್ಲಿ ನೆಲೆಸಿ ಕನ್ನಡ, ಕೊಂಕಣಿ ಆಡುವ ಜನರ ಬಾಯಲ್ಲಿ ಬಂತು. ನೀನಾಸಮ್ಮಿನ ಎಲ್ಲ ಕೆಲಸಗಳಲ್ಲಿ ನನಗೆ ಇದರ ಮೇಲೆ ಹೆಚ್ಚು ಗೌರವ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರ ಜುಲೈನಲ್ಲಿ, ಜೋರು ಮಳೆಗಾಲದಲ್ಲಿ, ಅವರು ತೀರಿಕೊಂಡರು.

ಸಿನಿಮಾ ಶಿಬಿರವೇ ಬೆಳೆದು ಸಂಸ್ಕೃತಿ ಶಿಬಿರವಾಯಿತು. ಅಕ್ಟೋಬರಿನಲ್ಲಿ, ದಸರೆಯ ಆಸುಪಾಸಿನಲ್ಲಿ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಚರ್ಚೆ, ರಾತ್ರಿ ತಿರುಗಾಟದ ಹೊಸ ನಾಟಕ. ಸಾಹಿತಿ ಯು.ಆರ್. ಅನಂತಮೂರ್ತಿಯವರು ಎಷ್ಟೋ ವರ್ಷ ಅದರ ಜೀವಾಳವಾಗಿದ್ದರು. ಬೆಂಗಳೂರಿನಿಂದ, ಧಾರವಾಡದಿಂದ, ಮಂಗಳೂರಿನಿಂದ ಜನ ಬರುತ್ತಾರೆ. ಊಟದ ಸಾಲಿನಲ್ಲಿ ನಿಂತು ವಾದ ಮಾಡುತ್ತಾರೆ. ನಾನೂ ಹೋಗಿ ಕೂತಿದ್ದೇನೆ. ಬಹಳ ಕಲಿತಿದ್ದೇನೆ. ಆದರೆ ಲೆಕ್ಕ ಹಾಕಿ ನೋಡಿ: ದಸರೆಯ ಆಸುಪಾಸು ಎಂದರೆ ಭೂಮಿ ಹುಣ್ಣಿಮೆಯ ಬುಟ್ಟಿ ಬರೆಯುವ ದಿನಗಳೇ. ಒಳಗೆ ಸಂಸ್ಕೃತಿಯ ಬಗ್ಗೆ ಮಾತು ನಡೆಯುತ್ತಿರುವಾಗ ಒಂದೆರಡು ಮೈಲಿಯಾಚೆ ಹೆಂಗಸರು ಪುಂಡಿ ನಾರು ಹಿಡಿದು ಕೂತಿರುತ್ತಿದ್ದರು. ಅವರಿಗೆ ಶಿಬಿರಕ್ಕೆ ಬರಲು ಪುರುಸೊತ್ತಿಲ್ಲ. ಶಿಬಿರಾರ್ಥಿಗಳಿಗೆ ಅವರ ಮನೆಗೆ ಹೋಗುವ ದಾರಿ ಗೊತ್ತಿಲ್ಲ. ಯಾರ ಮೇಲೂ ಇದು ದೂರಲ್ಲ. ನಾಟಕ ಹಗಲಿಡೀ ದುಡಿದವರನ್ನೂ ರಾತ್ರಿ ಕರೆದು ಕೂರಿಸಿಕೊಳ್ಳಬಲ್ಲದು, ಆದರೆ ಹಗಲಿನ ದುಡಿಮೆಯನ್ನು ಮುಟ್ಟುವ ಶಕ್ತಿ ಅದಕ್ಕಿಲ್ಲ.

ಆ ಶಕ್ತಿ ಮಗ್ಗದಿಂದ ಬಂತು. ವಿಚಿತ್ರವೆಂದರೆ ಅದನ್ನು ತಂದವರೂ ನಾಟಕದವರೇ. ಎಪ್ಪತ್ತರ ದಶಕದಲ್ಲಿ ಸಮುದಾಯ ತಂಡ ಕಟ್ಟಿ ಬೀದಿನಾಟಕ ಆಡಿಸಿದ ಪ್ರಸನ್ನ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದವರು, ಹೆಗ್ಗೋಡಿನ ಪಕ್ಕ ಬಂದು ನೆಲೆಸಿದರು. ತೊಂಬತ್ತರ ದಶಕದ ನಡುವೆ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘ ಹುಟ್ಟಿತು. ಕೈಮಗ್ಗದ ಬಟ್ಟೆ, ಗಿಡಮೂಲದ ಬಣ್ಣ, ಅಲ್ಲೇ ಹೊಲಿಗೆ. ಮಾರಾಟಕ್ಕೆ ದೇಸಿ ಅಂಗಡಿಗಳು.

ಸಾಗರ ಸೀಮೆ ನೇಕಾರರ ಸೀಮೆಯಲ್ಲ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಮಗು ತೊಟ್ಟಿಲಲ್ಲಿರುವಾಗಲೇ ಲಾಳಿಯ ಸದ್ದು ಕೇಳುತ್ತದೆ. ನಮ್ಮಲ್ಲಿ ಹಾಸು ಯಾವುದು, ಹೊಕ್ಕು ಯಾವುದು ಎಂದೇ ಗೊತ್ತಿರಲಿಲ್ಲ. ಹಾಗಾಗಿ ಚರಕದ ಮೊದಲ ವರ್ಷಗಳು ನಿಜಾರ್ಥದ ಕಾರ್ಯಾಗಾರಗಳು. ಲಡಿ ಬಿಡಿಸುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವುದು, ತುಂಡಾದ ಎಳೆಗೆ ಗಂಟು ಕಾಣದಂತೆ ಗಂಟು ಹಾಕುವುದು. ನನ್ನ ಶಾಲೆಯಲ್ಲಿ ಓದಿ ಏಳನೆಯ ಕ್ಲಾಸಿಗೆ ಬಿಟ್ಟುಹೋದ ಹುಡುಗಿಯರು ಹಲವರು ಅಲ್ಲಿ ಸೇರಿದರು. ಒಬ್ಬಳನ್ನು ಕೇಳಿದೆ, ಕಷ್ಟವಾಯಿತೇನೇ ಎಂದು. 'ಎಳೆ ಎಳಿಯೋದು ಬರ್ತಿತ್ತಲ್ಲ ಟೀಚರೆ. ಗೋಡೆ ಮೇಲಿಂದು ದಾರದಲ್ಲಿ ಮಾಡದು, ಅಷ್ಟೆ' ಎಂದಳು. ಅವಳ ತಾಯಿ ಚಿತ್ತಾರ ಬರೆಯುತ್ತಿದ್ದವಳು.

ಈಗ ಆ ಕರಿ ಬೆರಳುಗಳ ಮಾತು. ಹಂಡೆಯಲ್ಲಿ ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಬಳಸಿ ದಪ್ಪಗಾಗುತ್ತದೆ, ಅದೇ ಚೊಗರು. ಅಡಿಕೆಗೆ ಕೆಂಪು ಹೊಳಪು ಕೊಡುವುದು ಅದು. ಸುಗ್ಗಿ ಮುಗಿದ ಮೇಲೆ ಉಳಿದದ್ದನ್ನು ಏನು ಮಾಡುವುದೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಚರಕದ ಬಣ್ಣದ ಮನೆಯಲ್ಲಿ ಆ ಚೊಗರೇ ಮೂಲ ಸರಕಾಯಿತು. ಅದರಲ್ಲಿ ನೂಲು ಅದ್ದಿದರೆ ಇಟ್ಟಿಗೆ ಕೆಂಪಿನಿಂದ ಕಂದಿನವರೆಗೆ ಹಲವು ಛಾಯೆ. ಕಬ್ಬಿಣದ ತುಕ್ಕು, ಬೆಲ್ಲ ಹಾಕಿ ಹುಳಿ ಬರಿಸಿದ ನೀರು ಸೇರಿದರೆ ಕಪ್ಪಿನ ಕಡೆ ತಿರುಗುತ್ತದೆ. ಬಣ್ಣ ಕಚ್ಚಿ ಹಿಡಿಯಲು ಅಳಲೆಕಾಯಿ, ಸ್ಫಟಿಕ. ನೀಲಿಗೆ ನೀಲಿ ಗಿಡ, ಹಳದಿಗೆ ದಾಳಿಂಬೆ ಸಿಪ್ಪೆ. ನಮ್ಮ ಹೆಂಗಸರು ತಲೆಮಾರುಗಳಿಂದ ಉಜ್ಜಿ ಉಜ್ಜಿ ತೆಗೆಯಲು ನೋಡಿದ ಕಲೆ ಈಗ ಬೆಲೆ ಬಾಳುವ ಬಣ್ಣ. ಒಮ್ಮೆ ಅದ್ದಿದ ಹಾಗೆ ಇನ್ನೊಮ್ಮೆ ಬರುವುದಿಲ್ಲ, ಒಂದು ಹಂಡೆಯ ಕೆಂಪಿಗೂ ಮುಂದಿನದಕ್ಕೂ ವ್ಯತ್ಯಾಸವಿರುತ್ತದೆ. ಪೇಟೆಯ ಗಿರಾಕಿಗೆ ಇದನ್ನು ಅರ್ಥ ಮಾಡಿಸುವುದು ಬಣ್ಣ ಮಾಡುವುದಕ್ಕಿಂತ ಕಷ್ಟ.

ಚರಕದಿಂದ ಬದಲಾದದ್ದನ್ನು ನಾನು ಶಾಲೆಯ ಜಗುಲಿಯಿಂದ ನೋಡಿದವಳು. ಬೆಳಿಗ್ಗೆ ಸೀರೆ ಉಟ್ಟು, ಬುತ್ತಿ ಹಿಡಿದು ಬಸ್ಸಿಗೆ ನಿಲ್ಲುವ ಹೆಂಗಸರು. ಅಡಿಕೆ ಸುಗ್ಗಿಯಲ್ಲಿ ಮಾತ್ರ ಸಿಗುತ್ತಿದ್ದ ಡಬ್ಬದ ಕೂಲಿಯ ಬದಲು ತಿಂಗಳ ಸಂಬಳ. ಮಗಳ ಫೀಸು ಕಟ್ಟಲು ಗಂಡನನ್ನು ಕೇಳಬೇಕಿಲ್ಲ. ಸಭೆಯಲ್ಲಿ ಕೈ ಎತ್ತಿ ಮಾತಾಡುವುದು, ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುವುದು. ಮಾಮ್ಕೋಸಿನಿಂದ ಗಂಡಸರು ಅರವತ್ತು ವರ್ಷ ಹಿಂದೆ ಕಲಿತದ್ದನ್ನು ಇವರು ಈಗ ಕಲಿತರು. ಚರಕದ ಉತ್ಸವದಲ್ಲಿ ಹಾಡು, ನಾಟಕ, ಮಾತು ಎಲ್ಲ ಇದ್ದರೂ ನಾನು ಅದನ್ನು ಬೇರೆಯದಾಗಿ ನೋಡುವುದು ಒಂದು ಕಾರಣಕ್ಕೆ. ಅಲ್ಲಿ ಕಲೆಗೆ ಬಂದವರು ದುಡಿಮೆ ಬಿಟ್ಟು ಬಂದಿರಲಿಲ್ಲ.

ಸುಲಭವಾಗಿರಲಿಲ್ಲ. ಕೈಯಿಂದ ಮಾಡಿದ ಬಟ್ಟೆ ಯಂತ್ರದ ಬಟ್ಟೆಯ ಬೆಲೆಗೆ ಸಿಗುವುದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಸತ್ಯಾಗ್ರಹ ಹೂಡಿದರು, ಉಪವಾಸ ಕೂತರು. ಅದಕ್ಕೂ ಮೊದಲು 2015ರಲ್ಲಿ ನಂಜನಗೂಡಿನ ಬದನವಾಳಿನಲ್ಲಿ, ಗಾಂಧಿ ಕಾಲದ ಪಾಳುಬಿದ್ದ ಖಾದಿ ಕೇಂದ್ರದಲ್ಲಿ, ಇದೇ ವಿಚಾರಕ್ಕೆ ಸತ್ಯಾಗ್ರಹ ನಡೆದಿತ್ತು. 2020ರ ಕೋವಿಡ್‌ನಲ್ಲಿ ಮಾಲು ಮಾರಾಟವಾಗದೆ ರಾಶಿ ಬಿದ್ದು, ಚರಕ ಉತ್ಪಾದನೆ ನಿಲ್ಲಿಸುವ ಸ್ಥಿತಿಗೆ ಬಂತು. ಆಗ ಬಹಳ ಮಂದಿ ಮರುಕದಿಂದ ಬರೆದರು. ಮರುಕದ ಬದಲು ಒಂದೊಂದು ಸೀರೆ ಕೊಂಡಿದ್ದರೆ ವಾಸಿಯಿತ್ತು ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಇತ್ತ ಹಸೆಯ ಗೋಡೆ ಏನಾಯಿತು? ಮಣ್ಣಿನ ಗೋಡೆ ಹೋಗಿ ಸಿಮೆಂಟಿನದು ಬಂತು. ಸಿಮೆಂಟಿನ ಮೇಲೆ ಕೆಮ್ಮಣ್ಣು ಹಿಡಿಯುವುದಿಲ್ಲ, ಹಿಡಿದರೂ ಪುಡಿಪುಡಿಯಾಗಿ ಉದುರುತ್ತದೆ. ಮದುವೆಗಳು ಸಾಗರದ ಕಲ್ಯಾಣ ಮಂಟಪಕ್ಕೆ ಹೋದವು. ಚಿತ್ತಾರ ಹಾಳೆಗೆ, ಹಾರ್ಡ್‌ಬೋರ್ಡಿಗೆ, ಬಟ್ಟೆಗೆ ಇಳಿಯಿತು, ಮೇಳಗಳಲ್ಲಿ ಚೌಕಟ್ಟು ಹಾಕಿ ಮಾರುವಂತಾಯಿತು. ಇದನ್ನು ಅಳಿವು ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಗೋಡೆಯ ಮೇಲೆ ಬರೆದದ್ದಕ್ಕೆ ನನ್ನಜ್ಜಿಗೆ ಯಾರೂ ಒಂದು ರೂಪಾಯಿ ಕೊಡಲಿಲ್ಲ. ಇವತ್ತು ಅದೇ ಕೈಕೆಲಸದಿಂದ ಮನೆ ನಡೆಸುವ ಹೆಂಗಸರಿದ್ದಾರೆ. ಶಾಲೆ ಕಾಲೇಜುಗಳಲ್ಲಿ ಹಸೆ ಚಿತ್ತಾರದ ಕಾರ್ಯಾಗಾರಗಳು ನಡೆಯುತ್ತವೆ, ಪೇಟೆಯ ಹುಡುಗಿಯರು ಪುಂಡಿ ನಾರಿನ ಬದಲು ಬ್ರಷ್ಷು ಹಿಡಿದು ಬರೆಯುತ್ತಾರೆ. ಬರೆಯಲಿ. ನನ್ನ ತಕರಾರು ಬೇರೆ ಇದೆ. ಕಾರ್ಯಾಗಾರದಲ್ಲಿ ನಿಲಿ ಕಲಿಸುತ್ತಾರೆ, ಜೋಗಿ ಜಡೆ ಕಲಿಸುತ್ತಾರೆ, ಗುರಿಗೆ ಕಾಯಿ ಯಾವ ಕಾಡಿನಲ್ಲಿ ಯಾವಾಗ ಸಿಗುತ್ತದೆಂದು ಕಲಿಸುವುದಿಲ್ಲ. ಬಣ್ಣದ ಡಬ್ಬಿ ಅಂಗಡಿಯಿಂದ ಬರುತ್ತದೆ. ನಾಲ್ಕು ಬಣ್ಣಕ್ಕೆ ಹೊಂದಿಕೊಂಡು ಹುಟ್ಟಿದ ಚಿತ್ತಾರಕ್ಕೆ ಹಸಿರು, ನೇರಳೆ ಬಂದರೆ ಅದು ಚೆಂದವಿರಬಹುದು, ಬೇರೆ ಚಿತ್ರವಾಗುತ್ತದೆ.

ಹೆಗ್ಗೋಡಿನಿಂದ ಕಲಿತು ಹೊರಟವರು ಸುತ್ತಮುತ್ತ ಬೇರು ಬಿಟ್ಟಿದ್ದಾರೆ. ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಕಿನ್ನರ ಮೇಳದವರು ಮಕ್ಕಳ ನಾಟಕ ಕಟ್ಟುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಊರುಗಳು ಮುಳುಗಿದ ಮೇಲೆ ಆ ಭಾಗದವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ನಾಟಕದವರ ಸಾಮಾನೂ ಬಾಣಂತಿಯೂ ಅದೇ ಲಾಂಚಿನಲ್ಲಿ ದಾಟಬೇಕಿತ್ತು. ಅಂಬಾರಗೋಡ್ಲು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ದಾರಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅಲ್ಲಿ ನಾಟಕ ಬಂದಿತ್ತು. ಸರ್ಕಾರದ ಅಭಿವೃದ್ಧಿಯ ಪಟ್ಟಿಯಲ್ಲಿ ಈ ಅನುಕ್ರಮಕ್ಕೆ ಜಾಗವಿಲ್ಲ.

ಕೊನೆಗೆ ಓದುವವರಲ್ಲಿ ಒಂದು ಕೋರಿಕೆ. ಅಕ್ಟೋಬರಿನಲ್ಲಿ ನಮ್ಮ ಕಡೆ ಬರುವವರು ಬಹಳ. ನಾಟಕ ನೋಡಿ, ಚರಕಕ್ಕೆ ಹೋಗಿ ಜುಬ್ಬ ಕೊಂಡು, ಇಕ್ಕೇರಿಯ ಅಘೋರೇಶ್ವರ ಗುಡಿ ನೋಡಿ ವಾಪಸಾಗುತ್ತಾರೆ. ದಾರಿಯಲ್ಲಿ ಯಾವುದೋ ಮನೆಯ ಗೋಡೆಯದೋ ಬುಟ್ಟಿಯದೋ ಫೋಟೋ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಿ. ಆದರೆ ತೆಗೆಯುವ ಮೊದಲು ಒಳಗೆ ಹೋಗಿ, 'ಇದನ್ನು ಬರೆದವರು ಯಾರಮ್ಮ?' ಎಂದು ಕೇಳಿ. ಅವರ ಒಪ್ಪಿಗೆ ಪಡೆದು ಹೆಸರು, ಊರು, ಯಾರಿಂದ ಕಲಿತರು ಎನ್ನುವುದನ್ನು ಫೋಟೋದ ಜೊತೆ ಬರೆದಿಡಿ. ನಮ್ಮಜ್ಜಿಯಂಥವರ ಕೆಲಸ ಎಷ್ಟೋ ಸಂಗ್ರಹಗಳಲ್ಲಿ 'ದೀವರ ಚಿತ್ತಾರ, ಸಾಗರ' ಎಂಬ ಒಂದು ಸಾಲಿನಡಿ ಕೂತಿದೆ. ನಾಟಕಕ್ಕೆ ಪರದೆ ಎಳೆದವನ ಹೆಸರನ್ನೂ ಕರಪತ್ರದಲ್ಲಿ ಅಚ್ಚು ಹಾಕುವ ಸೀಮೆಯಿದು. ಗೋಡೆ ಬರೆದವಳಿಗೂ ಅಷ್ಟು ಸಲ್ಲಬೇಕು.